ಮತ್ತೆ ಡ್ಯೂಟಿಗೆ ಇಳಿಯುವ ನರ್ಸ್‌ಗಳು ಮೊದಲು ಎಲ್ಲಿ ಸೇರಬೇಕು?

"ಮೊದಲು ಮನೆ ಹತ್ತಿರ ಇರೋ ಚಿಕ್ಕ ನರ್ಸಿಂಗ್ ಹೋಮಿಗೆ ಸೇರ್ಕೋತೀನಿ ಸಿಸ್ಟರ್. ಸ್ವಲ್ಪ ಕೈ ಕುದುರಲಿ. ದೊಡ್ಡ ಆಸ್ಪತ್ರೆ ಆಮೇಲೆ ನೋಡೋಣ."

ಮದುವೆ, ಮಕ್ಕಳು, ಅತ್ತೆ ಮಾವನ ಆರೈಕೆ, ಇಲ್ಲವೇ ಇನ್ಶೂರೆನ್ಸ್ ಕಂಪನಿಯ ಕ್ಲೇಮ್ ಕೆಲಸ ಅಂತ ವರ್ಷಗಟ್ಟಲೆ ವಾರ್ಡ್ ಬಿಟ್ಟಿದ್ದು ವಾಪಸ್ ಬರುವವರು ಹೆಚ್ಚಾಗಿ ಹೀಗೇ ಯೋಚಿಸುತ್ತಾರೆ. ಚಿಕ್ಕ ಜಾಗ, ಕಡಿಮೆ ರೋಗಿಗಳು, ಕಡಿಮೆ ಟೆನ್ಶನ್ ಅನ್ನುವ ಲೆಕ್ಕ. ವಾರ್ಡ್ ಇನ್‌ಚಾರ್ಜ್ ಆಗಿ ಇಂಥವರನ್ನು ಡ್ಯೂಟಿಗೆ ಹಚ್ಚುತ್ತಾ ಬಂದವಳು ನಾನು. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ.

ಚಿಕ್ಕ ಜಾಗದಲ್ಲಿ ರೋಗಿಗಳು ಕಡಿಮೆ, ನಿಜ. ಪಕ್ಕದಲ್ಲಿ ನಿಲ್ಲುವವರೂ ಕಡಿಮೆ. ವಾಪಸ್ ಬಂದವರಿಗೆ ಮೊದಲ ಮೂರು ತಿಂಗಳು ಬೇಕಾಗಿರುವುದು ಕೂಗಿದರೆ ಬರುವಷ್ಟು ಹತ್ತಿರ ಇರುವ ಇನ್ನೊಬ್ಬ ನರ್ಸ್. ಸಂಬಳ, ದೂರ, ಪಾಳಿ ಎಲ್ಲ ಆಮೇಲಿನ ಮಾತು. ಕರ್ನಾಟಕದಲ್ಲಿ ಸಿಗುವ ದಾರಿಗಳನ್ನು ಇಲ್ಲಿ ಈ ಒಂದು ಅಳತೆಯಿಂದಲೇ ನೋಡಿದ್ದೇನೆ.

ಮೊದಲು ಕಾಗದ ಪತ್ರ

ಇದನ್ನು ಬೇಗ ಮುಗಿಸೋಣ. ಆದರೆ ಬಿಡುವ ಹಾಗಿಲ್ಲ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ರಿಜಿಸ್ಟ್ರೇಷನ್ ಚಾಲ್ತಿಯಲ್ಲಿ ಇದೆಯಾ ನೋಡಿ. ಲ್ಯಾಪ್ಸ್ ಆಗಿದ್ದರೆ ಕೆಲಸ ಹುಡುಕುವುದಕ್ಕೂ ಮೊದಲೇ ನವೀಕರಣಕ್ಕೆ ಹಾಕಿ. ಭಾರತೀಯ ಶುಶ್ರೂಷಾ ಪರಿಷತ್ತಿನ ರಾಷ್ಟ್ರೀಯ ರಿಜಿಸ್ಟರ್‌ನಲ್ಲಿ ಪ್ರತಿ ನರ್ಸ್‌ಗೂ ಒಂದು ವಿಶಿಷ್ಟ ನಂಬರ್ ಕೊಡುತ್ತಾರೆ, ಅದನ್ನು ಎನ್‌ಯುಐಡಿ ಅನ್ನುತ್ತೇವೆ. ಹಳಬರಲ್ಲಿ ಎಷ್ಟೋ ಜನರ ಬಳಿ ಅದು ಇಲ್ಲ. ಅದನ್ನೂ ಮಾಡಿಸಿಕೊಳ್ಳಿ. ಬೇರೆ ರಾಜ್ಯದಲ್ಲಿ ಓದಿ ಅಲ್ಲೇ ರಿಜಿಸ್ಟರ್ ಆಗಿದ್ದವರು ಆ ಪರಿಷತ್ತಿನಿಂದ ಎನ್‌ಒಸಿ ತಂದು ಇಲ್ಲಿ ರಿಜಿಸ್ಟರ್ ಆಗಬೇಕು. ಗಲ್ಫ್‌ನಿಂದ ಬಂದವರು ಅಲ್ಲಿನ ಲೈಸೆನ್ಸ್ ಸಂಸ್ಥೆಯಿಂದ, ನಿಮ್ಮ ಮೇಲೆ ದೂರು ಏನೂ ಇಲ್ಲ ಅನ್ನುವ ಗುಡ್ ಸ್ಟ್ಯಾಂಡಿಂಗ್ ಪತ್ರ ತರಿಸಿ ಇಟ್ಟುಕೊಂಡಿದ್ದರೆ ಒಳ್ಳೆಯದು.

ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ತಂದೆ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಇದಕ್ಕೆ ಅಫಿಡವಿಟ್ ಮಾಡಿಸಿ ಇಟ್ಟುಕೊಂಡರೆ ಇಂಟರ್‌ವ್ಯೂ ಆದ ಮೇಲೆ ಓಡಾಡುವುದು ತಪ್ಪುತ್ತದೆ.

ಇನ್ನೆರಡು ಕೆಲಸ. ತುರ್ತು ಜೀವರಕ್ಷಣೆ (ಸಿಪಿಆರ್) ತರಬೇತಿಯ ಬಿಎಲ್‌ಎಸ್ ಕಾರ್ಡ್ ಎರಡು ವರ್ಷಕ್ಕಷ್ಟೇ ನಡೆಯುತ್ತದೆ, ಹೊಸದು ಮಾಡಿಸಿ. ಹೆಪಟೈಟಿಸ್ ಬಿ ಲಸಿಕೆ ಕಾಲೇಜಿನಲ್ಲಿ ಹಾಕಿಸಿದ್ದು ಅಂತ ಸುಮ್ನೆ ಇರಬೇಡಿ. ರಕ್ಷಣೆ ಎಷ್ಟು ಉಳಿದಿದೆ ಅಂತ ತೋರಿಸುವ ಆಂಟಿಬಾಡಿ ಟೈಟರ್ ನೋಡಿಸಿ. ಹತ್ತಕ್ಕಿಂತ ಕಡಿಮೆ ಬಂದರೆ ಡಾಕ್ಟರನ್ನು ಕೇಳಿ ಬೂಸ್ಟರ್ ತೆಗೆದುಕೊಳ್ಳಿ. ಮೊದಲ ತಿಂಗಳಲ್ಲಿ ಸೂಜಿ ಚುಚ್ಚಿಕೊಳ್ಳುವ ಸಾಧ್ಯತೆ ಎಲ್ಲರಿಗಿಂತ ನಿಮಗೇ ಜಾಸ್ತಿ.

ವಾರ್ಡಿನಲ್ಲಿ ಏನು ಬದಲಾಗಿದೆ

ವೇನ್‌ಗೆ, ಅಂದರೆ ರಕ್ತನಾಳಕ್ಕೆ, ಹಾಕುವ ಕ್ಯಾನುಲಾ ಟ್ಯೂಬಿನ ಬಣ್ಣ ಬದಲಾಗಿಲ್ಲ. ಹಸಿರು 18 ಗೇಜ್, ಪಿಂಕ್ 20, ನೀಲಿ 22, ಹಳದಿ 24. ಮೈಕ್ರೋ ಡ್ರಿಪ್ ಸೆಟ್‌ನಲ್ಲಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಅದೂ ಹಾಗೇ ಇದೆ. ವೇನ್ ಹುಡುಕುವ ಬೆರಳು ಮರೆಯುವುದಿಲ್ಲ. ನಾಲ್ಕೈದು ದಿನ ತಡಕಾಡಿ ಆಮೇಲೆ ತಾನಾಗಿ ದಾರಿಗೆ ಬರುತ್ತದೆ. ಎಲ್ಲರೂ ಹೆದರುವುದು ಇದಕ್ಕೇ, ಆದರೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ಹೆದರಬೇಕಾದದ್ದು ಬೇರೆ ಕಡೆ ಇದೆ. ಇನ್ಸುಲಿನ್ನನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಹಳೇ ವಯಲ್‌ನಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜ್. ಪೆನ್ನಿನ ಕಾರ್ಟ್ರಿಡ್ಜ್‌ನಲ್ಲಿ, ಕೆಲವು ಹೊಸ ವಯಲ್‌ಗಳಲ್ಲಿ ಒಂದು ಎಂಎಲ್‌ಗೆ 100 ಯೂನಿಟ್. ಅದಕ್ಕೆ ಕಿತ್ತಳೆ ಕ್ಯಾಪಿನ ಸಿರಿಂಜ್. ರಾತ್ರಿ ಪೆನ್ ಕೆಟ್ಟಿತು ಅಂತಿಟ್ಟುಕೊಳ್ಳಿ. ಯಾರೋ ಕಾರ್ಟ್ರಿಡ್ಜ್‌ನಿಂದಲೇ ಕೆಂಪು ಕ್ಯಾಪ್ ಸಿರಿಂಜಿಗೆ 20ರ ಗೆರೆ ತನಕ ಎಳೆದರು. ಆ ಗೆರೆಗೆ ಬರುವುದು ಅರ್ಧ ಎಂಎಲ್. ಹೋದದ್ದು 20 ಯೂನಿಟ್ ಅಲ್ಲ, 50. ಬೆಳಿಗ್ಗೆ ನಾಲ್ಕಕ್ಕೆ ಶುಗರ್ ಇಳಿದು ರೋಗಿ ಬೆವೆತು ನೀರಾಗಿರುತ್ತಾರೆ. ನೀವು ಬಿಟ್ಟು ಹೋದಾಗ ವಾರ್ಡಿನಲ್ಲಿ ಪೆನ್ ಅಪರೂಪವಾಗಿದ್ದಿರಬಹುದು. ಈಗ ಒಂದೇ ಫ್ರಿಜ್ಜಿನಲ್ಲಿ ಎರಡೂ ಇರುತ್ತವೆ.

ಔಷಧಿಯನ್ನು ನಿಧಾನವಾಗಿ ಒಳಗೆ ತಳ್ಳುವ ಸಿರಿಂಜ್ ಪಂಪಿನದೂ ಇದೇ ಕಥೆ. ಸಿರಿಂಜ್ ಕೂರಿಸಿದರೆ ಸಾಲದು. ಸಿರಿಂಜಿನ ಕಂಪನಿ ಯಾವುದು, ಸೈಜ್ ಎಷ್ಟು ಅಂತ ಸ್ಕ್ರೀನಿನಲ್ಲಿ ಆರಿಸಬೇಕು. ತಪ್ಪಿದರೆ ಸ್ಕ್ರೀನ್ ತೋರಿಸುವುದೇ ಒಂದು, ಒಳಗೆ ಹೋಗುವುದೇ ಇನ್ನೊಂದು. ಇಂಥದ್ದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ಇಪ್ಪತ್ನಾಲ್ಕು ವರ್ಷದ ಹುಡುಗಿ "ಅಕ್ಕಾ, ಇಲ್ಲಿ ನೋಡಿ, ಇದು ಲಾಕ್ ಆಗಿಲ್ಲ" ಅಂತ ಕೈ ಹಿಡಿದು ತೋರಿಸಿದಾಗಲೇ ತಲೆಗೆ ಹೋಗುವುದು.

ಆಸ್ಪತ್ರೆ ಕಸದ ಚೀಲ, ಡಬ್ಬಿಗಳ ಬಣ್ಣಗಳೂ ಬದಲಾಗಿವೆ. 2016ರ ನಿಯಮದ ಪ್ರಕಾರ ಹಳದಿಗೆ ರಕ್ತ ಮೆತ್ತಿದ ಹತ್ತಿ, ಡ್ರೆಸ್ಸಿಂಗ್, ಅವಧಿ ಮುಗಿದ ಔಷಧಿ. ಕೆಂಪಿಗೆ ಐವಿ ಸೆಟ್, ಕ್ಯಾಥೆಟರ್, ಗ್ಲೌಸ್. ಬಿಳಿ ಡಬ್ಬಿಗೆ ಸೂಜಿ, ಬ್ಲೇಡ್. ನೀಲಿಗೆ ಗಾಜಿನ ಆಂಪ್ಯೂಲ್, ವಯಲ್. ಸಿಪಿಆರ್‌ನಲ್ಲಿ 2010ರಿಂದ ಮೊದಲು ಎದೆ ಒತ್ತುವುದು, ಆಮೇಲೆ ಶ್ವಾಸನಾಳ, ಉಸಿರು. ನಿಮಿಷಕ್ಕೆ 100ರಿಂದ 120, ಐದಾರು ಸೆಂಟಿಮೀಟರ್ ಆಳ. "ಎ, ಬಿ, ಸಿ", ಅಂದರೆ ಶ್ವಾಸನಾಳ, ಉಸಿರು, ರಕ್ತಚಲನೆ ಅಂತ ಬಾಯಿಪಾಠ ಮಾಡಿದ ಬ್ಯಾಚಿನವರು ಗಾಬರಿಯಲ್ಲಿ ಈಗಲೂ ಮೊದಲು ಬಾಯಿ ತೆರೆಯಲು ಹೋಗುತ್ತಾರೆ.

ಹೀಗೆ ಬದಲಾದದ್ದನ್ನು ತೋರಿಸಿಕೊಡುವವರು ಎಲ್ಲಿದ್ದಾರೆ? ಪ್ರಶ್ನೆ ಇಷ್ಟೇ.

ದೊಡ್ಡ ಖಾಸಗಿ ಆಸ್ಪತ್ರೆಯ ಜನರಲ್ ವಾರ್ಡ್

ನನ್ನ ಮೊದಲ ಆಯ್ಕೆ ಇದು. ಐಸಿಯು ಬೇಡ, ಕ್ಯಾಶುವಲ್ಟಿಯಂತೂ ಬೇಡ. ಮೆಡಿಕಲ್ ಅಥವಾ ಸರ್ಜಿಕಲ್ ವಾರ್ಡ್ ಸಾಕು.

ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಹೆಚ್ ಮಂಡಳಿಯ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಸೇರಿದವರಿಗೆ ಇಂಡಕ್ಷನ್ ತರಬೇತಿ ಕೊಡಲೇಬೇಕು. ಯಾವ ನರ್ಸ್ ಯಾವ ಪ್ರೊಸೀಜರ್ ಮಾಡಬಹುದು ಅಂತ ಪರೀಕ್ಷಿಸಿ ಬರೆದಿಡಬೇಕು. ಇನ್‌ಸ್ಪೆಕ್ಷನ್‌ಗೆ ಬೇಕಾಗುವುದರಿಂದಲಾದರೂ ಆ ಫೈಲ್ ಇರುತ್ತದೆ. ನಿಮಗೆ ಅದು ದೊಡ್ಡ ರಕ್ಷಣೆ. "ಸೆಂಟ್ರಲ್ ಲೈನ್ ಡ್ರೆಸ್ಸಿಂಗ್ ನನಗೆ ಇನ್ನೂ ಸೈನ್‌ಆಫ್ ಆಗಿಲ್ಲ" ಅಂತ ಹೇಳಿದರೆ ಯಾರೂ ಮುಖ ಸಿಂಡರಿಸುವ ಹಾಗಿಲ್ಲ. ಪಕ್ಕದ ಸೆಕ್ಷನ್‌ನಲ್ಲಿ ಇನ್ನೊಬ್ಬ ನರ್ಸ್ ಇರುತ್ತಾರೆ. ಡ್ಯೂಟಿ ಡಾಕ್ಟರ್ ಫ್ಲೋರಿನಲ್ಲೇ ಇರುತ್ತಾರೆ. ಹೃದಯ ನಿಂತಾಗ ಕೊಡುವ ತುರ್ತು ಕರೆ, ಅಂದರೆ ಕೋಡ್ ಬ್ಲೂ, ಒತ್ತಿದರೆ ಟೀಮ್ ಓಡಿ ಬರುತ್ತದೆ.

ಕಷ್ಟ ಇಲ್ಲವಾ? ಇದೆ, ಬೇಕಾದಷ್ಟು. ಕಂಪ್ಯೂಟರ್ ಚಾರ್ಟಿಂಗ್ ಮೊದಲ ಎರಡು ವಾರ ಕಣ್ಣಲ್ಲಿ ನೀರು ತರಿಸುತ್ತದೆ. ರೋಗಿಗಿಂತ ಸ್ಕ್ರೀನ್ ಜೊತೆ ಜಾಸ್ತಿ ಹೊತ್ತು ಕಳೆದೆ ಅನಿಸುತ್ತದೆ. ಪಾಳಿ ಬದಲಾಗುವಾಗಿನ ಹ್ಯಾಂಡೋವರ್ ಈಗ ಒಂದು ಕ್ರಮದಲ್ಲಿ ಕೊಡಬೇಕು. ಈಗಿನ ಪರಿಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನು ಬೇಕು ಅನ್ನುವುದು. ಎಸ್‌ಬಾರ್ ಅನ್ನುವುದು ಇದನ್ನೇ. ಡಿಸ್ಚಾರ್ಜ್ ದಿನ ಇನ್ಶೂರೆನ್ಸ್ ಅಪ್ರೂವಲ್ ಬರದೆ ರೋಗಿ ಕಡೆಯವರು ಕೂಗಾಡುವುದು ನಿಮ್ಮ ಮುಂದೆ. ಇನ್‌ಚಾರ್ಜ್ ನಿಮಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ಅವಳನ್ನು "ಸಿಸ್ಟರ್" ಅಂತ ಕರೆಯಲು ನಾಲಿಗೆ ತಡವರಿಸಿದರೆ ಈ ಕೆಲಸ ಕಷ್ಟ. ಕಾಲು ಊದುತ್ತದೆ. ಬೆನ್ನು ನೋಯುತ್ತದೆ. ನಲವತ್ತು ದಾಟಿದವರು ಚಾಳೀಸು ಮಾಡಿಸಿಕೊಂಡೇ ಬನ್ನಿ. ರಾತ್ರಿ ಮಂದ ಬೆಳಕಿನಲ್ಲಿ ಆಂಪ್ಯೂಲ್ ಮೇಲಿನ ಅಕ್ಷರ ಓದಲು ಆಗದಿದ್ದರೆ ಅದು ನಾಚಿಕೆ ಪಡುವ ವಿಷಯವಲ್ಲ, ಅಪಾಯದ ವಿಷಯ.

ಆದರೂ ಆರು ತಿಂಗಳು ಇಲ್ಲಿ ತಡೆದುಕೊಂಡರೆ ಆಮೇಲೆ ಎಲ್ಲಿಗೆ ಹೋದರೂ ನಡೆಯುತ್ತದೆ. ಮಗು ಚಿಕ್ಕದಿದ್ದರೆ ಇನ್ನೊಂದು ಮಾತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಬಂದ ನಿಯಮದ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು. ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ತಾಯಿಗೆ ಅವಕಾಶ ಇದೆ. ಎಲ್ಲ ಕಡೆ ಇದೆ ಅಂತ ಹೇಳಲಾರೆ. ಕೇಳುವ ಹಕ್ಕಂತೂ ಇದೆ.

ಮನೆ ಹತ್ತಿರದ ನರ್ಸಿಂಗ್ ಹೋಮ್

ಹದಿನೈದಿಪ್ಪತ್ತು ಬೆಡ್. ಹಗಲಲ್ಲಿ ಚೆನ್ನಾಗಿಯೇ ಇರುತ್ತದೆ. ಡಾಕ್ಟರ್ ಪರಿಚಯದವರು, ಆಯಾ ಒಳ್ಳೆಯವರು, ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿಕೊಂಡು ಬರಬಹುದು.

ರಾತ್ರಿ ಎರಡು ಗಂಟೆಗೆ ನೋಡಿ. ಮೇಲಿನ ಫ್ಲೋರಿನಲ್ಲಿ ಬೆಳಿಗ್ಗೆ ಸಿಸೇರಿಯನ್ ಆದ ಬಾಣಂತಿ. ಪ್ಯಾಡ್ ಪದೇ ಪದೇ ನೆನೆಯುತ್ತಿದೆ. ಬಿಪಿ 90ಕ್ಕೆ ಇಳಿದಿದೆ, ಪಲ್ಸ್ 120. ಡ್ಯೂಟಿ ಡಾಕ್ಟರ್ ಇಲ್ಲ. ಇದ್ದರೂ ಪ್ರಸೂತಿ ಅವರ ವಿಷಯವಲ್ಲ. ಪ್ರಸೂತಿ ಡಾಕ್ಟರ್ ಮೇಡಂ ಮನೆಯಿಂದ ಹೊರಟು ಬರಲು ಇಪ್ಪತ್ತು ನಿಮಿಷ. ಅಲ್ಲಿಯವರೆಗೆ ಹೊಟ್ಟೆ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಿದೆಯಾ ನೋಡಬೇಕು, ಮಸಾಜ್ ಮಾಡಬೇಕು, ಎರಡನೇ ಲೈನ್ ಹಾಕಬೇಕು, ರಕ್ತಸ್ರಾವ ತಗ್ಗಿಸುವ ಆಕ್ಸಿಟೋಸಿನ್ ತಯಾರಿ ಮಾಡಬೇಕು, ರಕ್ತಕ್ಕೆ ಫೋನ್ ಮಾಡಿಸಬೇಕು. ಇಷ್ಟೂ ನೀವೊಬ್ಬರೇ. ಜೊತೆಗೆ ಆಯಾ. ಹತ್ತು ವರ್ಷ ಬಿಟ್ಟು ಬಂದ ಕೈಗೆ ಇದು ಸುಲಭದ ಜಾಗವಾ?

ಇನ್ನೊಂದು ವಿಷಯ, ಔಷಧಿ ಟ್ರೇ. ಪೊಟ್ಯಾಸಿಯಂ ಕ್ಲೋರೈಡ್ ಹತ್ತು ಎಂಎಲ್ ಆಂಪ್ಯೂಲ್‌ನಲ್ಲಿ ಬರುತ್ತದೆ. ಸಾಮಾನ್ಯವಾಗಿ ಅದರಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ. ಡೈಲ್ಯೂಟ್ ಮಾಡದೆ ನೇರ ತಳ್ಳಿದರೆ ಹೃದಯ ನಿಲ್ಲುತ್ತದೆ. ನೋಡಲು ಡಿಸ್ಟಿಲ್ಡ್ ವಾಟರ್ ಆಂಪ್ಯೂಲಿನ ಹಾಗೇ. ಸರಿಯಾದ ಆಸ್ಪತ್ರೆಗಳಲ್ಲಿ ಅದನ್ನು ಬೇರೆ ಇಟ್ಟು, ಲೇಬಲ್ ಹಚ್ಚಿ, ಇಬ್ಬರು ನೋಡಿಯೇ ಹಾಕುತ್ತಾರೆ. ನಾನು ಹಿಂದೆ ಕೆಲಸ ಮಾಡಿದ ಒಂದು ನರ್ಸಿಂಗ್ ಹೋಮಿನಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತಿದ್ದವು. ಎಷ್ಟು ಹೇಳಿದರೂ ಬೇರೆ ಮಾಡಲಿಲ್ಲ.

ಎಲ್ಲ ಚಿಕ್ಕ ಆಸ್ಪತ್ರೆಗಳೂ ಹೀಗೆ ಅಂತಲ್ಲ. ರಾತ್ರಿಗೆ ಇಬ್ಬರು ಕ್ವಾಲಿಫೈಡ್ ನರ್ಸ್, ಒಬ್ಬ ಡಾಕ್ಟರ್ ಕಟ್ಟಡದ ಒಳಗೇ ಇರುವ ಜಾಗ ಸಿಕ್ಕರೆ ಧೈರ್ಯವಾಗಿ ಸೇರಿ. ಬರೀ ಹಗಲು ಡ್ಯೂಟಿ ಅಂತ ಬರೆದು ಕೊಟ್ಟರೂ ಆಯಿತು. ಬಾಯಿಮಾತಿಗೆ ನಂಬಬೇಡಿ. ಮುಂದಿನ ತಿಂಗಳೇ ಯಾರೋ ಕೆಲಸ ಬಿಡುತ್ತಾರೆ, ನಿಮ್ಮನ್ನು ನೈಟಿಗೆ ಹಾಕುತ್ತಾರೆ.

ಡಯಾಲಿಸಿಸ್ ಕೇಂದ್ರ

ನೈಟ್ ಮಾಡಲಿಕ್ಕೇ ಆಗದವರಿಗೆ ನಾನು ಸೂಚಿಸುವುದು ಇದು. 2016ರಲ್ಲಿ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲೂ ಮಷೀನುಗಳು ಬಂದಿವೆ. ಹಾಗಾಗಿ ಬೆಂಗಳೂರು, ಮಂಗಳೂರಿಗೇ ಹೋಗಬೇಕು ಅಂತಿಲ್ಲ.

ಕೆಲಸದ ಹರವು ಚಿಕ್ಕದು, ಆದರೆ ಆಳ ಇದೆ. ಒಂದು ಸೆಷನ್ ನಾಲ್ಕು ಗಂಟೆ. ಬಂದವರೇ ಮತ್ತೆ ಬರುತ್ತಾರೆ. ಮೂರನೇ ವಾರಕ್ಕೆ ಯಾರ ತೂಕ ಎಷ್ಟು ಏರಿರುತ್ತದೆ, ಯಾರಿಗೆ ಮೂರನೇ ಗಂಟೆಯಲ್ಲಿ ಬಿಪಿ ಬೀಳುತ್ತದೆ, ಯಾರು ಬರುವ ದಾರಿಯಲ್ಲಿ ಎಳನೀರು ಕುಡಿದು ಬಂದಿದ್ದಾರೆ ಎಲ್ಲ ಗೊತ್ತಾಗುತ್ತದೆ. ಡಯಾಲಿಸಿಸ್‌ಗೆಂದು ಕೈಯಲ್ಲಿ ರಕ್ತನಾಳ ಜೋಡಿಸಿದ ಜಾಗದ (ಫಿಸ್ಟುಲಾ) ಮೇಲೆ ಬೆರಳಿಟ್ಟು ಥ್ರಿಲ್ ಅನ್ನುವ ಕಂಪನ ನೋಡುವುದು, ಆ ಕೈಗೆ ಬಿಪಿ ಕಫ್ ಸುತ್ತದಿರುವುದು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೆಪಾರಿನ್ ಲೆಕ್ಕ, ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಮಷೀನು. ಒಂದೇ ಕೆಲಸವನ್ನು ದಿನಾ ಮಾಡುವುದರಿಂದ ಕೈ ಬೇಗ ಗಟ್ಟಿಯಾಗುತ್ತದೆ. ಪಕ್ಕದಲ್ಲಿ ಟೆಕ್ನಿಷಿಯನ್ ಇರುತ್ತಾರೆ. ಮಷೀನಿನ ವಿಷಯದಲ್ಲಿ ಅವರೇ ನಿಮ್ಮ ಗುರು.

ಒಂದೇ ಕೊರತೆ, ಎರಡು ವರ್ಷ ಇಲ್ಲೇ ಇದ್ದರೆ ನೀವು ಡಯಾಲಿಸಿಸ್ ನರ್ಸ್ ಆಗಿಬಿಡುತ್ತೀರಿ. ಜನರಲ್ ವಾರ್ಡಿಗೆ ಮತ್ತೆ ಹೋಗಬೇಕೆಂದರೆ ಮತ್ತೆ ಮೊದಲಿನಿಂದ ಶುರು. ಅದು ಪರವಾಗಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಕಡಿಮೆ.

ಕೀಮೋ ಡೇ ಕೇರ್ ಕೂಡ ಹಗಲು ಕೆಲಸವೇ. ಆದರೆ ಔಷಧಿ ವೇನ್ ಹೊರಗೆ ಸೋರಿದರೆ ಚರ್ಮವೇ ಕೊಳೆಯುತ್ತದೆ. ಮೊದಲ ಕೆಲಸವಾಗಿ ಅದು ಬೇಡ.

ಹಾಸ್ಪಿಸ್, ಪಾಲಿಯೇಟಿವ್ ಕೇರ್

ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಈ ಆರೈಕೆಯ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಜಾಗಗಳಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಇಲ್ಲಿ ಓಟ ಕಡಿಮೆ. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್, ಅದರ ಜೊತೆಗೆ ಮರೆಯದೆ ಮಲಬದ್ಧತೆಗೆ ಔಷಧಿ, ಬಾಯಿ ಒರೆಸುವುದು, ಮಗ್ಗುಲು ಬದಲಿಸುವುದು. ಗಾಯ ವಾಸನೆ ಬರುತ್ತಿದ್ದರೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸುತ್ತಾರೆ. ಎರಡು ದಿನಕ್ಕೆ ವಾಸನೆ ತಗ್ಗಿ ಮೊಮ್ಮಕ್ಕಳು ಹಾಸಿಗೆ ಪಕ್ಕ ಕೂರಲು ಶುರು ಮಾಡುತ್ತಾರೆ.

ಮನೆಯಲ್ಲಿ ಅತ್ತೆಯನ್ನೋ ಅಪ್ಪನನ್ನೋ ವರ್ಷಗಟ್ಟಲೆ ನೋಡಿಕೊಂಡು ಬಂದವರಿಗೆ ಇಲ್ಲಿ ಆ ಅನುಭವ ವ್ಯರ್ಥವಾಗುವುದಿಲ್ಲ. ಬೇರೆ ಯಾವ ಇಂಟರ್‌ವ್ಯೂನಲ್ಲೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾವನ್ನು ದಿನಾ ನೋಡಬೇಕು, ಅದಂತೂ ಇದೆ. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಹೋಗಿದ್ದರೆ ಒಂದು ವರ್ಷ ಬಿಟ್ಟು ಬನ್ನಿ.

ಸರ್ಕಾರಿ ಕೆಲಸ

ಖಾಯಂ ಶುಶ್ರೂಷಾಧಿಕಾರಿ ಹುದ್ದೆಗೆ ವಯಸ್ಸಿನ ಮಿತಿ ಇದೆ. ಅಧಿಸೂಚನೆ ಬಂದಾಗ ಮೊದಲು ಆ ಸಾಲನ್ನು ಓದಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆ ಹುದ್ದೆಗಳು ಆಗಾಗ ಬರುತ್ತವೆ. ಇವುಗಳಲ್ಲೇ ಎರಡು ಬಗೆ ಇದೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಯ ವಾರ್ಡ್ ಅಂದರೆ ಕೈ ತುಂಬ ಕೆಲಸ. ಒಂದೇ ಪಾಳಿಯಲ್ಲಿ ಹಾಕುವ ಕ್ಯಾನುಲಾ ಬೇರೆ ಕಡೆ ಒಂದು ವಾರದಲ್ಲಿ ಹಾಕುವುದಿಲ್ಲ. ಕೂರಿಸಿ ಕಲಿಸುವವರು ಇಲ್ಲ. ಆದರೆ ಸುತ್ತ ಜನ ಇರುತ್ತಾರೆ. ಹಳೇ ಸಿಸ್ಟರ್‌ಗಳು, ಇಂಟರ್ನಿಗಳು, ನರ್ಸಿಂಗ್ ವಿದ್ಯಾರ್ಥಿಗಳು. ಕೇಳಿದರೆ ಹೇಳಿಕೊಡುತ್ತಾರೆ. ಕೇಳಲು ಸಂಕೋಚ ಇಲ್ಲದವರಿಗೆ ಇದು ದೊಡ್ಡ ಖಾಸಗಿ ಆಸ್ಪತ್ರೆಯಷ್ಟೇ ಒಳ್ಳೆಯದು.

ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಹುದ್ದೆ ಬೇರೆ. ಬಿಎಸ್ಸಿ ಅಥವಾ ಪೋಸ್ಟ್ ಬೇಸಿಕ್ ಮಾಡಿದವರಿಗೆ. ಸುಮಾರು 5000 ಜನರಿಗೆ ಒಂದು ಉಪಕೇಂದ್ರ. ಬಿಪಿ, ಶುಗರ್ ತಪಾಸಣೆ, ಮಾತ್ರೆ ಕೊಡುವುದು, ಇ-ಸಂಜೀವಿನಿಯಲ್ಲಿ ಡಾಕ್ಟರ್ ಜೊತೆ ಮಾತಾಡಿಸುವುದು, ಆಶಾಗಳ ಜೊತೆ ಊರು ಸುತ್ತುವುದು, ಮತ್ತು ಪೋರ್ಟಲ್‌ಗೆ ಡೇಟಾ ತುಂಬುವುದು. ಡೇಟಾ ಜಾಸ್ತಿಯೇ. 2022ರ ಡಿಸೆಂಬರ್‌ನಲ್ಲಿ ಶುರುವಾದ, ರಾಜ್ಯ ಸರ್ಕಾರದ "ನಮ್ಮ ಕ್ಲಿನಿಕ್"ಗಳಲ್ಲಿ ಡಾಕ್ಟರ್, ನರ್ಸ್, ಲ್ಯಾಬ್ ಟೆಕ್ನಿಷಿಯನ್ ಇರುವ ಚಿಕ್ಕ ತಂಡ. ನಗರದಲ್ಲಿರುವವರಿಗೆ ಹಗಲು ಕೆಲಸ, ಡಾಕ್ಟರ್ ಪಕ್ಕದಲ್ಲೇ. ಆತ್ಮವಿಶ್ವಾಸ ಪೂರ್ತಿ ಹೋಗಿದೆ ಅನ್ನುವವರಿಗೆ ಒಳ್ಳೆಯ ಮೊದಲ ಮೆಟ್ಟಿಲು. ಹಾಸಿಗೆ ಹಿಡಿದ ರೋಗಿಯ ಆರೈಕೆಗೆ ಕೈ ಪಳಗಬೇಕು ಅನ್ನುವವರಿಗೆ ಇವೆರಡೂ ಸಾಲುವುದಿಲ್ಲ.

ಹೋಮ್ ಕೇರ್

ಕೇಳಿದ ತಕ್ಷಣ ಕೆಲಸ ಸಿಗುವುದು ಇಲ್ಲಿ. ಗ್ಯಾಪ್ ಎಷ್ಟು ಅಂತ ಏಜೆನ್ಸಿಯವರು ಕೇಳುವುದೂ ಇಲ್ಲ. ಅದೇ ನನಗೆ ಅನುಮಾನ ಹುಟ್ಟಿಸುವುದು.

ಸ್ಟ್ರೋಕ್ ಆದ ಎಪ್ಪತ್ತರ ಅಜ್ಜ. ಕುತ್ತಿಗೆಯಲ್ಲಿ ಉಸಿರಾಡಲು ಟ್ರೇಕಿಯಾಸ್ಟಮಿ ಟ್ಯೂಬ್, ಮೂಗಿನಲ್ಲಿ ಆಹಾರಕ್ಕೆ ರೈಲ್ಸ್ ಟ್ಯೂಬ್, ಬೆನ್ನಲ್ಲಿ ಬೆಡ್‌ಸೋರ್. ಹನ್ನೆರಡು ಗಂಟೆ ಡ್ಯೂಟಿ. ಕುತ್ತಿಗೆಯ ಟ್ಯೂಬ್ ಕಫ ಕಟ್ಟಿ ಬ್ಲಾಕ್ ಆದರೆ ನಿಮಗೆ ಇರುವುದು ಕೆಲವೇ ನಿಮಿಷ. ಮನೆಯಲ್ಲಿ ಅಜ್ಜಿ, ಮಗ ಅಮೆರಿಕದಿಂದ ವೀಡಿಯೊ ಕಾಲ್‌ನಲ್ಲಿ. ಪಕ್ಕದಲ್ಲಿ ನಿಲ್ಲುವವರು ಅನ್ನುವ ಲೆಕ್ಕದಲ್ಲಿ ನೋಡಿದರೆ ಇಲ್ಲಿ ಸೊನ್ನೆ. ಎರಡನೇ ವಾರದಿಂದ "ಸಿಸ್ಟರ್, ಸ್ವಲ್ಪ ಕುಕ್ಕರ್ ಇಡ್ತೀರಾ" ಶುರುವಾಗುತ್ತದೆ. ಒಂದು ಸಲ ಹೂಂ ಅಂದರೆ ಮುಗಿಯಿತು.

ಆರು ತಿಂಗಳಾದರೂ ವಾರ್ಡ್ ಮಾಡಿ, ಆಮೇಲೆ ಬೇಕಾದರೆ ಹೋಗಿ. ಆಗ ಇದು ಒಳ್ಳೆಯ ಕೆಲಸವೇ. ಟೈಮು ನಿಮ್ಮ ಕೈಯಲ್ಲಿರುತ್ತದೆ, ಒಬ್ಬರೇ ರೋಗಿ, ಸಮಾಧಾನವಾಗಿ ಆರೈಕೆ ಮಾಡಬಹುದು. ಹೋಗುವ ಮೊದಲು ಏಜೆನ್ಸಿ ಎಷ್ಟು ಕಮಿಷನ್ ಹಿಡಿಯುತ್ತದೆ, ರಾತ್ರಿ ತೊಂದರೆಯಾದರೆ ಯಾವ ಡಾಕ್ಟರಿಗೆ ಫೋನ್ ಮಾಡಬೇಕು, ಯಾವ ಕೆಲಸ ನಿಮ್ಮದಲ್ಲ ಅನ್ನುವುದನ್ನು ಬರೆಸಿಕೊಳ್ಳಿ.

ಉಳಿದ ಎರಡು

ನರ್ಸಿಂಗ್ ಕಾಲೇಜಿನ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಕೆಲಸವನ್ನು ವಾರ್ಡಿಗೆ ವಾಪಸ್ ಬರುವ ದಾರಿ ಅಂತ ಕೆಲವರು ಹಿಡಿಯುತ್ತಾರೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ದಿನಾ ಆಸ್ಪತ್ರೆಗೆ ಹೋಗುವ ಕಾಲೇಜಾದರೆ ಸರಿ. ಮಕ್ಕಳಿಗೆ ಕಲಿಸಲು ನೀವೇ ಮೊದಲು ಓದಬೇಕಾಗುತ್ತದೆ. ಹಾಜರಿ ಪುಸ್ತಕ, ಅಸೈನ್‌ಮೆಂಟ್ ತಿದ್ದುವುದರಲ್ಲೇ ದಿನ ಹೋಗುವ ಕಾಲೇಜಾದರೆ ಐದು ವರ್ಷದ ಗ್ಯಾಪ್ ಎಂಟಾಗುತ್ತದೆ, ಅಷ್ಟೇ.

ವಿದೇಶಕ್ಕೆ ಹೋಗುವ ಆಸೆ ಇಟ್ಟುಕೊಂಡೇ ವಾಪಸ್ ಬರುವವರೂ ಇದ್ದಾರೆ. ಅಂಥವರು ಇತ್ತೀಚಿನ ಬೆಡ್‌ಸೈಡ್ ಅನುಭವದ ಪತ್ರ ಕೊಡಬಲ್ಲ ದೊಡ್ಡ ಆಸ್ಪತ್ರೆಯನ್ನೇ ಹಿಡಿಯಿರಿ. ಇಂಗ್ಲಿಷ್ ಪರೀಕ್ಷೆ ಒಇಟಿ, ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ತಯಾರಿಯನ್ನು ನೈಟ್ ಡ್ಯೂಟಿ ಜೊತೆ ಮಾಡುತ್ತೇನೆ ಅನ್ನಬೇಡಿ. ಮೊದಲ ಆರು ತಿಂಗಳು ಎರಡೂ ಆಗುವುದಿಲ್ಲ.

ಸಂಬಳ

2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಅದರ ಶಿಫಾರಸು ಹೀಗಿದೆ. 200ಕ್ಕಿಂತ ಹೆಚ್ಚು ಬೆಡ್ ಇರುವ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100ರಿಂದ 200 ಬೆಡ್ ಇದ್ದರೆ ಅದಕ್ಕಿಂತ ಶೇಕಡ 10ರಷ್ಟು ಮಾತ್ರ ಕಡಿಮೆ ಇರಬಹುದು. 50ರಿಂದ 100 ಇದ್ದರೆ ಶೇಕಡ 25. ಐವತ್ತಕ್ಕಿಂತ ಕಡಿಮೆ ಬೆಡ್ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು. ಶಿಫಾರಸು ಶಿಫಾರಸಾಗಿಯೇ ಉಳಿದ ಜಾಗಗಳು ಬೇಕಾದಷ್ಟಿವೆ. "ಗ್ಯಾಪ್ ಇದೆಯಲ್ಲಮ್ಮಾ, ಟ್ರೇನಿ ಅಂತ ತೊಗೊಳ್ತೀವಿ" ಅನ್ನುವುದು ಮಾಮೂಲಿ ಮಾತು. ಮೂರು ತಿಂಗಳ ಮಟ್ಟಿಗೆ ಟ್ರೇನಿ ಆಗಲು ಒಪ್ಪಬಹುದು, ಅದಕ್ಕೆ ಬದಲಾಗಿ ನಿಜವಾಗಿ ಟ್ರೇನಿಂಗ್ ಕೊಡುವುದಾದರೆ. ಮೊದಲ ದಿನದಿಂದಲೇ ಒಬ್ಬರೇ ಎಂಟು ಬೆಡ್ ನೋಡಬೇಕು ಅನ್ನುವುದಾದರೆ ಪೂರ್ತಿ ಸಂಬಳ ಕೇಳಿ.

ಇಂಟರ್‌ವ್ಯೂನಲ್ಲಿ ನೀವು ಕೇಳಬೇಕಾದದ್ದು

ರಾತ್ರಿ ಪಾಳಿಯಲ್ಲಿ ಒಂದು ಫ್ಲೋರಿಗೆ ಎಷ್ಟು ರಿಜಿಸ್ಟರ್ಡ್ ನರ್ಸ್ ಇರುತ್ತಾರೆ? ಮೊದಲು ಎಷ್ಟು ದಿನ ಇನ್ನೊಬ್ಬರ ಜೊತೆ ಡ್ಯೂಟಿ? ಸೂಜಿ ಚುಚ್ಚಿಕೊಂಡರೆ ರಾತ್ರಿ ಹೊತ್ತು ಪಿಇಪಿ ಔಷಧಿ ಎಲ್ಲಿ ಸಿಗುತ್ತದೆ? ಎಚ್‌ಐವಿ ತಡೆಯುವ ಈ ಔಷಧಿ ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ ಶುರುವಾಗಬೇಕು. ತೀರಾ ತಡವಾದರೂ 72 ಗಂಟೆ ದಾಟಬಾರದು. ಹಾಗಾಗಿ "ಬೆಳಿಗ್ಗೆ ನೋಡೋಣ" ಅನ್ನುವ ಉತ್ತರ ಉತ್ತರವೇ ಅಲ್ಲ.

ಆಮೇಲೆ "ವಾರ್ಡ್ ಒಮ್ಮೆ ನೋಡಬಹುದಾ" ಅಂತ ಕೇಳಿ. ಎಮರ್ಜೆನ್ಸಿ ಟ್ರಾಲಿ ಎಲ್ಲಿದೆ ನೋಡಿ. ಸೀಲ್ ಇದೆಯಾ, ಚೆಕ್ ಮಾಡಿದ ಸಹಿ ಇವತ್ತಿನದಾ, ಹೋದ ತಿಂಗಳದಾ? ಲ್ಯಾರಿಂಗೋಸ್ಕೋಪ್ ಬಲ್ಬ್ ಉರಿಯುತ್ತದಾ? ಪೊಟ್ಯಾಸಿಯಂ ಎಲ್ಲಿ ಇಟ್ಟಿದ್ದಾರೆ? ಐದು ನಿಮಿಷದಲ್ಲಿ ಆ ಆಸ್ಪತ್ರೆಯ ಜಾತಕ ಸಿಗುತ್ತದೆ. ಡ್ಯೂಟಿಯಲ್ಲಿರುವ ಚಿಕ್ಕ ಸಿಸ್ಟರ್ ಹತ್ತಿರ ನಿಂತು "ಇಲ್ಲಿಗೆ ಬಂದು ಎಷ್ಟು ದಿನ ಆಯ್ತಮ್ಮಾ?" ಅಂತ ಕೇಳಿ. ಎಲ್ಲರೂ ಎರಡು ಮೂರು ತಿಂಗಳ ಹಿಂದೆ ಸೇರಿದವರೇ ಆಗಿದ್ದರೆ ಕಲಿಸಲು ಅಲ್ಲಿ ಯಾರೂ ಇಲ್ಲ.

ಗ್ಯಾಪ್ ಮೂರು ವರ್ಷದೊಳಗಿದ್ದು, ಮೊದಲು ಐದಾರು ವರ್ಷ ವಾರ್ಡ್ ಮಾಡಿದ್ದರೆ ನೀವು ಎಲ್ಲಿ ಬೇಕಾದರೂ ಸೇರಬಹುದು, ಹೋಮ್ ಕೇರ್ ಒಂದನ್ನು ಬಿಟ್ಟು. ಹತ್ತು ವರ್ಷ ದಾಟಿದ್ದರೆ ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡ್ ಅಥವಾ ಡಯಾಲಿಸಿಸ್. ಓದು ಮುಗಿಸಿ ವಾರ್ಡನ್ನೇ ಮಾಡದೆ ಮನೆಯಲ್ಲಿದ್ದವರು ಸಂಬಳದ ಮಾತು ಪಕ್ಕಕ್ಕಿಟ್ಟು, ಹೊಸಬರ ಬ್ಯಾಚ್ ಜೊತೆಗೇ ಇಂಡಕ್ಷನ್ ಕೇಳಿ. ಇಪ್ಪತ್ತೆರಡರ ಹುಡುಗಿಯರ ಮಧ್ಯೆ ಕೂರಲು ಮುಜುಗರ ಆಗುತ್ತದೆ. ಅವರಿಗೆ ಮದುವೆ, ಅತ್ತೆ, ಪಿಎಫ್ ಬಗ್ಗೆ ಕೇಳಲು ಒಬ್ಬರು ಬೇಕಾಗಿರುತ್ತಾರೆ. ನಿಮಗೆ ಪಂಪ್ ತೋರಿಸುವವರು ಬೇಕು. ಹೊಂದಿಕೊಳ್ಳುತ್ತದೆ.

ಕೊನೆಗೆ ಎಚ್‌ಆರ್‌ನವರು ಇಷ್ಟು ವರ್ಷ ಕೆಲಸ ಬಿಡುವ ಹಾಗಿಲ್ಲ ಅನ್ನುವ ಬಾಂಡ್ ಅಂದರೂ, "ಒರಿಜಿನಲ್ ಸರ್ಟಿಫಿಕೇಟ್ ನಮ್ಮ ಹತ್ತಿರ ಇರಲಿ" ಅಂದರೂ ಒಪ್ಪಬೇಡಿ. ಒರಿಜಿನಲ್ ತೋರಿಸಿ, ಜೆರಾಕ್ಸ್‌ಗೆ ಸಹಿ ಹಾಕಿ ಕೊಟ್ಟು, ಒರಿಜಿನಲ್ ಬ್ಯಾಗಿಗೆ ಹಾಕಿಕೊಂಡು ಬನ್ನಿ.